ಎರೆಭೂಮಿಯಲ್ಲಿ ನಾಲ್ಕು ಕೋಣೆಯ ಶಾಲೆ

ನವಲಗುಂದ ತಾಲ್ಲೂಕಿನ ಒಂದು ಹಳ್ಳಿ. 2019ರ ಆಗಸ್ಟ್ ಮಳೆಗೆ ಅಲ್ಲಿನ ಸರಕಾರಿ ಶಾಲೆಯ ಹಳೆಯ ಕೋಣೆಗಳು ಕೂರಲು ಬಾರದಷ್ಟು ಹಾಳಾಗಿದ್ದವು. ಊರವರು ಹಣ ಕೂಡಿಸಿ ನಾಲ್ಕು ಕೋಣೆ ಕಟ್ಟಿಸಲು ಹೊರಟಾಗ ವಿನ್ಯಾಸದ ಕೆಲಸ ನನಗೆ ಬಂತು. ನಾನು ಹುಬ್ಬಳ್ಳಿಯಲ್ಲಿ ಸ್ಟ್ರಕ್ಚರಲ್ ಎಂಜಿನಿಯರ್. ಎರೆಮಣ್ಣಿನಲ್ಲಿ, ಅಂದರೆ ಇಲ್ಲಿನ ಕರಿ ಜಿಗುಟು ಮಣ್ಣಿನಲ್ಲಿ, ಮನೆ, ಗೋದಾಮು ಎಲ್ಲ ಮಾಡಿದ್ದೆ. ಶಾಲೆ ಮಾತ್ರ ಅದೇ ಮೊದಲು.

ಮೊದಲು ಹೋದದ್ದು 2022ರ ಮೇ ತಿಂಗಳಲ್ಲಿ. ಶಾಲೆಗೆ ರಜೆ. ಅಂಗಳದ ನೆಲ ಎಷ್ಟು ಬಿರಿದಿತ್ತೆಂದರೆ ಒಂದು ಬಿರುಕಿನಲ್ಲಿ ಮೊಣಕೈವರೆಗೆ ಕೈ ಇಳಿಯಿತು. ಹಳೆಯ ಗೋಡೆಯಲ್ಲಿ ಕಿಟಕಿಯ ಮೂಲೆಯಿಂದ ಓರೆಯಾಗಿ ಮೇಲಕ್ಕೆ ಹೋದ ಒಂದು ಬಿರುಕು ಇತ್ತು. ಅಳೆದೆ, 11 ಮಿ.ಮೀ. ಪಕ್ಕದಲ್ಲೇ ಪೆನ್ಸಿಲ್‌ನಲ್ಲಿ ತಾರೀಖು ಬರೆದು ಬಂದೆ. ಸೆಪ್ಟೆಂಬರಿನಲ್ಲಿ ಮತ್ತೆ ಹೋಗಿ ಅದೇ ಜಾಗ ಅಳೆದರೆ 3 ಮಿ.ಮೀ. ಯಾರೂ ಅದನ್ನು ಮುಟ್ಟಿರಲಿಲ್ಲ. ಮಳೆಗೆ ಮಣ್ಣು ಉಬ್ಬಿ ಗೋಡೆಯನ್ನು ವಾಪಸ್ ತಂದಿತ್ತು.

ಹೆಡ್ ಮಾಸ್ತರರು ಹೇಳಿದ್ದು ಆಗ ಅರ್ಥವಾಯಿತು. "ಪ್ರತಿ ವರ್ಷ ಸಿಮೆಂಟ್ ತುಂಬಸ್ತೀವ್ರಿ ಸರ, ಮರುವರ್ಷ ಅದರ ಬಾಜೂಕ ಹೊಸಾದು ಬಿಡತೈತಿ." ಬೇಸಿಗೆಯಲ್ಲಿ ತೆರೆದ ಬಿರುಕಿಗೆ ಸಿಮೆಂಟ್ ತುಂಬಿದರೆ ಮಳೆಗಾಲದಲ್ಲಿ ಅದಕ್ಕೆ ಮುಚ್ಚಿಕೊಳ್ಳಲು ಜಾಗ ಇರುವುದಿಲ್ಲ. ಗೋಡೆ ಇನ್ನೊಂದು ಕಡೆ ಒಡೆಯುತ್ತದೆ. ಎರೆಭೂಮಿಯಲ್ಲಿ ಕಟ್ಟುವವರು ಜಾಗವನ್ನು ಎರಡು ಸಲ ನೋಡಲೇಬೇಕು ಎಂದು ನಾನು ಹಟ ಹಿಡಿಯುವುದು ಇದಕ್ಕೇ. ಒಮ್ಮೆ ಬಿಸಿಲಲ್ಲಿ, ಒಮ್ಮೆ ಮಳೆಯ ಮೇಲೆ.

ಈ ಮಣ್ಣಿನ ಜೇಡಿಯಲ್ಲಿ ಮಾಂಟ್‌ಮೋರಿಲ್ಲೊನೈಟ್ ಎಂಬ ಖನಿಜ ಜಾಸ್ತಿ. ಅದರ ತೆಳು ಪದರಗಳ ನಡುವೆ ನೀರು ಹೊಕ್ಕು ಮಣ್ಣು ಉಬ್ಬುತ್ತದೆ, ಆರಿದರೆ ಕುಗ್ಗುತ್ತದೆ. ಹಿಂಗಾರಿನಲ್ಲಿ ಮಳೆ ಇಲ್ಲದಿದ್ದರೂ ಕಡಲೆ, ಜೋಳ ಬರುವುದು ಈ ಮಣ್ಣು ನೀರು ಹಿಡಿದುಕೊಳ್ಳುವುದರಿಂದಲೇ. ಬೆಳೆಗೆ ವರವಾದ ಗುಣವೇ ಗೋಡೆಗೆ ಮುಳುವು. ಅದರಲ್ಲೂ ಒಂದೇ ಅಂತಸ್ತಿನ ಕಟ್ಟಡಕ್ಕೆ ಕಷ್ಟ ಜಾಸ್ತಿ. ಅದರ ಭಾರ ಕಡಿಮೆ, ಉಬ್ಬುವ ಮಣ್ಣು ಅದನ್ನು ಸುಲಭವಾಗಿ ಎತ್ತಿಬಿಡುತ್ತದೆ.

ಮಣ್ಣಿನ ಪರೀಕ್ಷೆಗಳಲ್ಲಿ ಒಂದನ್ನು ಊರವರ ಎದುರಿಗೇ ಮಾಡಿಸಿದೆ. ಒಣಗಿಸಿ ಜರಡಿ ಹಿಡಿದ ಮಣ್ಣು 10 ಗ್ರಾಂನಂತೆ ಎರಡು ಗಾಜಿನ ಅಳತೆ ಕೊಳವೆಗೆ ಹಾಕುವುದು. ಒಂದಕ್ಕೆ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ. ಸೀಮೆಎಣ್ಣೆಯಲ್ಲಿ ಈ ಮಣ್ಣು ಉಬ್ಬುವುದಿಲ್ಲ. ಮರುದಿನ ನೋಡಿದರೆ ಸೀಮೆಎಣ್ಣೆಯಲ್ಲಿ 10 ಮಿ.ಲೀ., ನೀರಿನಲ್ಲಿ 19. ಅಂದರೆ ಶೇ 90ರಷ್ಟು ಉಬ್ಬು. ಶೇ 50 ದಾಟಿದರೇ ಹುಷಾರಾಗಬೇಕು. "ಪಾಯಕ್ಕೆ ಇಷ್ಟೊಂದು ರೊಕ್ಕ ಯಾಕ?" ಎಂಬ ಪ್ರಶ್ನೆ ಆಮೇಲೆ ಬರಲಿಲ್ಲ.

ಇನ್ನೊಂದು ವಿಷಯ ಯಾವ ಪರೀಕ್ಷೆಯಲ್ಲೂ ಸಿಗುವಂಥದ್ದಲ್ಲ. ಕಟ್ಟೆಯ ಮೇಲೆ ಕೂತಿದ್ದ ಅಜ್ಜನೊಬ್ಬರು ಮೂಲೆಯ ಕಡೆ ಕೈ ತೋರಿಸಿ, "ಆ ಬೇವಿನ ಗಿಡದ ಹತ್ರ ನಮ್ಮಜ್ಜನ ಕಾಲದಾಗ ಹಗೇವ ಇದ್ದುವ್ರಿ" ಅಂದರು. ಜೋಳ ತುಂಬಿಡುತ್ತಿದ್ದ ನೆಲದೊಳಗಿನ ಕಣಜಗಳು. ಮೇಲೆ ಮುಚ್ಚಿದರೂ ಒಳಗೆ ಟೊಳ್ಳು ಉಳಿದಿರುತ್ತದೆ. ನರಗುಂದದಲ್ಲಿ ಮನೆಯೊಳಗೇ ನೆಲ ಕುಸಿದ ಸುದ್ದಿ ಓದಿದವರಿಗೆ ಅದರ ಭಯ ಗೊತ್ತು. ಕಬ್ಬಿಣದ ಸಲಾಕೆ ಹೊಡೆದು ನೋಡಿದೆವು. ಎರಡು ಕಡೆ ಅದು ಸರಕ್ಕನೆ ಇಳಿದುಹೋಯಿತು. ಕಟ್ಟಡವನ್ನು ಅಲ್ಲಿಂದ ದೂರ ಸರಿಸಿದೆ. ಬೇವು ಉಳಿಯಿತು, ಅದರಿಂದಲೂ ದೂರವಾಯಿತು. ದೊಡ್ಡ ಮರದ ಬೇರು ಒಂದು ಬದಿಯ ತೇವ ಮಾತ್ರ ಹೀರಿದರೆ ಆ ಬದಿಯ ಗೋಡೆ ಕೆಳಗಿಳಿಯುತ್ತದೆ.

ನಾಲ್ಕು ಕೋಣೆಯನ್ನು ಒಂದೇ ಸಾಲಾಗಿ ಕಟ್ಟಲಿಲ್ಲ. ಎರಡೆರಡು ಕೋಣೆಯ ಎರಡು ಕಟ್ಟಡ, ನಡುವೆ 50 ಮಿ.ಮೀ. ಸಂದು. ಉದ್ದನೆಯ ಕಟ್ಟಡದ ಒಂದು ತುದಿ ಎದ್ದು ಇನ್ನೊಂದು ಇಳಿದರೆ ಮಧ್ಯೆ ಒಡೆಯದೆ ಬೇರೆ ದಾರಿಯಿಲ್ಲ.

ಪಾಯಕ್ಕೆ ಅಂಡರ್‌ರೀಮ್ಡ್ ಪೈಲ್. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಇಂಥ ಮಣ್ಣಿಗೆಂದೇ ರೂಢಿಗೆ ತಂದ ಪದ್ಧತಿ ಇದು. ಪೈಲ್ ಪಾಯಗಳ ಭಾರತೀಯ ಮಾನಕವಾದ ಐಎಸ್ 2911ರ ಮೂರನೇ ಭಾಗದಲ್ಲಿ ಇದರ ನಿಯಮಗಳಿವೆ. 300 ಮಿ.ಮೀ. ಅಗಲದ ಕಾಂಕ್ರೀಟ್ ಕಂಬ, ಬುಡದ ಹತ್ತಿರ 750 ಮಿ.ಮೀ. ಗಡ್ಡೆ. ಋತುವಿಗೆ ತಕ್ಕಂತೆ ಹಿಗ್ಗಿ ಕುಗ್ಗುವುದು ಮೇಲಿನ ಸುಮಾರು ಮೂರೂವರೆ ಮೀಟರ್ ಮಣ್ಣು ಮಾತ್ರ. ಅದನ್ನು ದಾಟಿ ನಾವು ನಾಲ್ಕೂವರೆ ಮೀಟರಿಗೆ ಹೋದೆವು. ಮೇಲಿನ ಮಣ್ಣು ಕಂಬವನ್ನು ಎಳೆದೆತ್ತಲು ನೋಡಿದಾಗ ಗಡ್ಡೆ ಕೆಳಗೆ ಹಿಡಿದುಕೊಳ್ಳುತ್ತದೆ. ಹಾಗಾಗಿ ಕಬ್ಬಿಣ ಮೇಲಿನಿಂದ ಬುಡದವರೆಗೂ ಇರಲೇಬೇಕು. ಉಳಿತಾಯಕ್ಕೆಂದು ಅರ್ಧಕ್ಕೇ ನಿಲ್ಲಿಸಿದರೆ ಅಲ್ಲೇ ಕಂಬ ತುಂಡಾಗುತ್ತದೆ.

ಪೈಲ್‌ಗಳ ಮೇಲೆ ಗೋಡೆ ಹೊರುವ ಪ್ಲಿಂತ್ ಬೀಮ್. ಅದು ನೆಲಕ್ಕೆ ತಾಗಬಾರದು. ನಿಯಮ ಕೇಳುವುದು ಕನಿಷ್ಠ 80 ಮಿ.ಮೀ., ನಾನು 100 ಕೊಟ್ಟೆ. ಮಣ್ಣು ಉಬ್ಬಿದರೆ ಈ ಖಾಲಿ ಜಾಗಕ್ಕೆ ಬರಲಿ, ಬೀಮಿಗೆ ಗುದ್ದದಿರಲಿ ಅಂತ. ಒಂದು ವಾರ ನಾನು ಹೋಗಿರಲಿಲ್ಲ. ಹೋಗಿ ನೋಡಿದರೆ ಗೌಂಡಿ ಒಂದು ಬದಿಯ ಸಂದನ್ನೆಲ್ಲ ಅಚ್ಚುಕಟ್ಟಾಗಿ ಮಣ್ಣಿನಿಂದ ಮುಚ್ಚಿಬಿಟ್ಟಿದ್ದರು. "ಹಾವು ಹೊಕ್ಕತಾವ್ರಿ ಸಾಹೇಬ್ರ, ಸಣ್ಣ ಹುಡುಗ್ರು ಓಡಾಡೂ ಜಾಗಾ." ಅವರು ಹೇಳಿದ್ದು ನ್ಯಾಯವಾಗಿಯೇ ಇತ್ತು. ನಕ್ಷೆ ಬರೆಯುವಾಗ ನಾನು ಅದನ್ನು ಯೋಚಿಸಿರಲಿಲ್ಲ. ಮಣ್ಣು ತೆಗೆಸಿ, ಬೀಮಿನ ಎರಡೂ ಬದಿಗೆ ಶಹಾಬಾದ್ ಫರಸಿಯನ್ನು ಬೋಲ್ಟ್ ಹಾಕಿ ನಿಲ್ಲಿಸಿದೆವು. ಪ್ರತಿ ಗೋಡೆಗೆ ಎರಡು ಕಡೆ ಬಿಚ್ಚಿ ನೋಡಬಹುದಾದ ಜಾಳಿಗೆ ಇಟ್ಟೆವು.

ತಪ್ಪಿದ್ದು ಕೋಣೆಯ ನೆಲದಲ್ಲಿ. ಗೋಡೆಗೆ ಇಷ್ಟೆಲ್ಲ ಮಾಡಿ ನೆಲಕ್ಕೆ ಬರೀ ಒಂದೂವರೆ ಅಡಿ ಗರಸು ಸಾಕೆಂದು ಲೆಕ್ಕ ಹಾಕಿದ್ದೆ. ಹಣ ಕಡಿಮೆ ಇತ್ತು ನಿಜ, ಆದರೆ ತೀರ್ಮಾನ ನನ್ನದೇ. 2023ರ ಜೂನ್‌ನಲ್ಲಿ ಶಾಲೆ ಶುರುವಾಯಿತು. ಅದು ಬರದ ವರ್ಷ. ಆದರೂ ಅಕ್ಟೋಬರಿನ ಹೊತ್ತಿಗೆ ಒಂದು ಕೋಣೆಯ ನೆಲ ಎರಡು ಸೆಂಟಿಮೀಟರ್ ಎದ್ದು ಬಾಗಿಲು ಸಿಕ್ಕಿಕೊಂಡಿತು. ಹೊರಗಿನ ನಳದ ಪೈಪು ಗೋಡೆಯ ಬುಡದಲ್ಲೇ ಸೋರುತ್ತಿತ್ತು. ಈ ಮಣ್ಣಿಗೆ ಮಳೆಯೇ ಬೇಕೆಂದಿಲ್ಲ, ಸೋರುವ ಒಂದು ನಳ ಸಾಕು. ಮಕ್ಕಳನ್ನು ಪಕ್ಕದ ಕೋಣೆಗೆ ಕಳಿಸಿ ನೆಲ ಅಗೆಸಿದೆ. ಒಂದು ಮೀಟರ್ ಎರೆಮಣ್ಣು ತೆಗೆದು, ಉಬ್ಬದ ಗರಸನ್ನು 15 ಸೆಂ.ಮೀ. ಪದರಗಳಲ್ಲಿ ನೀರು ಹಾಕಿ ದಮ್ಮಸು ಮಾಡಿಸಿದೆ. ಐಐಟಿ ಬಾಂಬೆಯ ಪ್ರೊ. ಆರ್.ಕೆ. ಕಟ್ಟಿ ಅವರು ಎರೆಮಣ್ಣಿನ ಮೇಲೆ ಉಬ್ಬದ ಜಿಗುಟು ಮಣ್ಣಿನ ಪದರ ಹಾಸುವ ವಿಧಾನವನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿದ್ದರು. ಅದನ್ನು ಓದಿಯೂ ಮೊದಲೇ ಪಾಲಿಸಲಿಲ್ಲವಲ್ಲ ಎಂಬ ನೋವು ನನಗೆ ಈಗಲೂ ಇದೆ.

ನಳವನ್ನು ಅಂಗಳದ ಆಚೆ ತುದಿಗೆ ಒಯ್ದೆವು. ಶೌಚಾಲಯದ ಇಂಗುಗುಂಡಿ ಮೊದಲೇ ದೂರ ಇತ್ತು. ಮಾಳಿಗೆಯ ನೀರು ಪೈಪಿನಲ್ಲಿ ಇಳಿದು ನೇರ ಗಟಾರಕ್ಕೆ ಹೋಗುತ್ತದೆ. ಗೋಡೆಯ ಸುತ್ತ ಎರಡು ಮೀಟರ್ ಅಗಲ ಫರಸಿ ಹಾಸಿದ್ದೇವೆ, ಹೊರಕ್ಕೆ ಇಳಿಜಾರು, ಅಡಿಯಲ್ಲಿ ದಪ್ಪ ಪ್ಲಾಸ್ಟಿಕ್ ಹಾಳೆ. ಕಟ್ಟಡದ ಕೆಳಗಿನ ತೇವ ವರ್ಷವಿಡೀ ಹೆಚ್ಚುಕಡಿಮೆ ಒಂದೇ ಇರಲಿ ಎಂಬುದೇ ಇದರ ಉದ್ದೇಶ.

ಮುಗಿಸಿ ಬರುವಾಗ ಹೆಡ್ ಮಾಸ್ತರರಿಗೆ ಒಂದೇ ಒಂದು ಕೆಲಸ ಹೇಳಿ ಬಂದಿದ್ದೆ. ಪ್ರತಿ ಜೂನ್‌ನಲ್ಲಿ ಶಾಲೆ ತೆರೆದ ಮೇಲೆ ಜಾಳಿಗೆ ಬಿಚ್ಚಿ, ಬೀಮಿನ ಅಡಿ ಫೂಟ್‌ಪಟ್ಟಿ ತೂರಿಸಿ ನೋಡಬೇಕು. ಅವರು ಅದನ್ನು ಏಳನೇ ತರಗತಿಯ ಮಕ್ಕಳಿಗೆ ವಹಿಸಿದ್ದಾರೆ. ಈ ಸಲದ ಪಟ್ಟಿ ಫೋನಿಗೆ ಬಂದಿದೆ. ಹದಿನಾರು ಜಾಳಿಗೆ, ಹದಿನೈದರಲ್ಲಿ ಫೂಟ್‌ಪಟ್ಟಿ ಸಲೀಸಾಗಿ ಹೋಗಿದೆ. ಹಿತ್ತಲ ಗೋಡೆಯ ಒಂದರಲ್ಲಿ ಹೆಗ್ಗಣ ಮಣ್ಣು ತುಂಬಿತ್ತಂತೆ. ಪಕ್ಕದಲ್ಲಿ ಮಕ್ಕಳ ಕೈಬರಹ: "ತೆಗೆದಿದ್ದೇವೆ. ಈಗ 10 ಸೆಂ.ಮೀ. ಇದೆ."