ಎಂಟಡಿ ಗೋಡೆ, ಮೂರು ಸೈಡಿಂಗ್: ಮೊದಲ ಮಾಡೆಲ್ ರೈಲು ಲೇಔಟ್ ನಾನು ಹಾಕಿದ್ದು ಹೀಗೆ

ಈ ಹವ್ಯಾಸಕ್ಕೆ ಇಳಿದವರು ಮೊದಲು ತರುವುದು ಎಂಟಡಿ-ನಾಲ್ಕಡಿ ಪ್ಲೈವುಡ್ ಹಾಳೆ. ಹಾಳೆಗೆ ತಕ್ಕ ಹಳಿ, ಹಳಿಗೆ ತಕ್ಕ ಟ್ರೈನು ಎಂದು ಹೊರಟರೆ ಮುಂದೆ ಯಾವುದೂ ಹೊಂದುವುದಿಲ್ಲ. ನಾನು ಲೆಕ್ಕ ಶುರುಮಾಡಿದ್ದು ಟ್ರೈನಿನ ಉದ್ದದಿಂದ.

ಎಲ್‌ಎಚ್‌ಬಿ ಬೋಗಿ (ಈಗಿನ ಹೊಸ ಮಾದರಿಯ ಪ್ರಯಾಣಿಕರ ಬೋಗಿ) ನಿಜದಲ್ಲಿ 23.54 ಮೀಟರ್. ಎಚ್‌ಒ ಸ್ಕೇಲಿನಲ್ಲಿ, ಅಂದರೆ 1:87ರಲ್ಲಿ, 27 ಸೆಂ.ಮೀ. ತಿರುವಿನ ತ್ರಿಜ್ಯ ಅತಿ ಉದ್ದದ ಬೋಗಿಯ ಮೂರು ಪಟ್ಟಾದರೂ ಇದ್ದರೆ ಓಟ ನಂಬಿಕೆಯದ್ದಾಗಿರುತ್ತದೆ. ಹಾಗಾದರೆ 81 ಸೆಂ.ಮೀ. ತ್ರಿಜ್ಯ ಬೇಕು, ಸುತ್ತು ಮುಗಿಸಲು 162 ಸೆಂ.ಮೀ. ಅಗಲ ಬೇಕು. ಹಾಳೆಯ ಅಗಲ 122. ಅದರಲ್ಲಿ ಹಿಡಿಸುವುದು 22 ಇಂಚಿನ ತ್ರಿಜ್ಯ, ಸುಮಾರು 56 ಸೆಂ.ಮೀ. ಅಷ್ಟು ಬಿಗಿ ತಿರುವಿನಲ್ಲಿ ಉದ್ದ ಬೋಗಿಯ ಮೂಲೆ ಹಳಿಯಾಚೆ ಚಾಚುತ್ತದೆ, ಕಪ್ಲಿಂಗ್ ಪಕ್ಕಕ್ಕೆ ಎಳೆದು ಹಿಂದಿನ ಬೋಗಿಯನ್ನು ಕೆಳಗಿಳಿಸುತ್ತದೆ.

ಒಂದು ಹಳಿಯ ಮೇಲೆ ಇನ್ನೊಂದು ಹಾಯುವ ಸೇತುವೆ ಬೇಕೆಂಬ ಆಸೆ ಎಲ್ಲರಿಗೂ ಇರುತ್ತದೆ. ಅದಕ್ಕೆ 7.5 ಸೆಂ.ಮೀ. ಎತ್ತರ ಬೇಕು. ನೂರಕ್ಕೆ ಎರಡರ ಏರಿನಲ್ಲಿ ಹತ್ತಲು 3.75 ಮೀಟರ್, ಇಳಿಯಲು ಅಷ್ಟೇ, ಒಟ್ಟು 7.5. ಇಡೀ ಸುತ್ತಿನ ಉದ್ದ ಆರು ಮೀಟರ್ ಕೂಡ ಇಲ್ಲ! ಏರನ್ನು ನೂರಕ್ಕೆ ನಾಲ್ಕು ಮಾಡಿದರೆ ಹಿಡಿಸೀತು, ಆದರೆ ಎಂಜಿನ್ ಎಳೆಯುವ ಡಬ್ಬಿಗಳ ಸಂಖ್ಯೆ ಇಳಿದುಹೋಗುತ್ತದೆ.

ಇನ್ನು ಜಾಗ. ಮೈಸೂರಿನ ಹಳೇ ಮನೆಗಳ ಹತ್ತಡಿ ಕೋಣೆಯಲ್ಲಿ ಆ ಮೇಜನ್ನು ಗೋಡೆಗೆ ಒತ್ತಿದರೆ ಹಿಂದಿನ ಅಂಚಿಗೆ ಕೈ ಎಟುಕುವುದಿಲ್ಲ. ಆರಾಮಾಗಿ ಎಟುಕುವುದು 75 ಸೆಂ.ಮೀ. ಅಷ್ಟೇ. ಹಳಿ ತಪ್ಪುವುದು ಮಾತ್ರ ಹಿಂದಿನ ಮೂಲೆಯಲ್ಲೇ, ಅದೇನು ಮಾಯವೋ.

ಅದಕ್ಕೇ ಸುತ್ತನ್ನು ಬಿಟ್ಟು ಗೋಡೆಯುದ್ದದ ಶಂಟಿಂಗ್ ಯಾರ್ಡ್, ಅಂದರೆ ವ್ಯಾಗನ್‌ಗಳನ್ನು ಹಳಿಯಿಂದ ಹಳಿಗೆ ಸರಿಸಿ ಜೋಡಿಸುವ ಅಂಗಳ, ಆರಿಸಿದೆ. ನೀರು ತಡೆಯುವ 12 ಮಿ.ಮೀ. ಬಿಡಬ್ಲ್ಯುಆರ್ ಪ್ಲೈವುಡ್ಡಿನ ಒಂದು ಹಾಳೆಯನ್ನು ಅಂಗಡಿಯಲ್ಲೇ ಉದ್ದಕ್ಕೆ ಮೂರಾಗಿ ಸೀಳಿಸಿದರೆ 40 ಸೆಂ.ಮೀ. ಅಗಲದ ಮೂರು ಪಟ್ಟಿ. ಒಂದು ಹಳಿ ಕೂರಿಸುವ ಹಲಗೆಗೆ, ಒಂದು ಹಿನ್ನೆಲೆಗೆ, ಮೂರನೆಯದು ಮುಂದಕ್ಕೆ ಬೆಳೆಸುವಾಗ. ಲೇಔಟ್‌ನ ವಿಷಯ, ಮಂಡ್ಯದ ಕಡೆಯ ಸಕ್ಕರೆ ಕಾರ್ಖಾನೆಯೊಂದರ ಸೈಡಿಂಗ್ (ವ್ಯಾಗನ್ ನಿಲ್ಲಿಸುವ ಪಕ್ಕದ ಹಳಿ), ಕಾರ್ಖಾನೆ ಕಲ್ಪನೆಯದು. ಮೈಸೂರಿನ ರೈಲು ಮ್ಯೂಸಿಯಂ ನೋಡಿ ಬಂದವರಿಗೆ ಮೀಟರ್ ಗೇಜೇ ಮಾಡೋಣ ಅನ್ನಿಸುತ್ತದೆ. ಅದಕ್ಕೆ 12 ಮಿ.ಮೀ. ಅಂತರದ ಬೇರೆ ಹಳಿ ಬೇಕು, ಮೊದಲ ಲೇಔಟ್‌ಗೆ ಬೇಡ. ಬ್ರಾಡ್‌ಗೇಜ್ ಕೂಡ ಲೆಕ್ಕದಲ್ಲಿ 19.3 ಮಿ.ಮೀ. ಆಗಬೇಕು, ಸಿಗುವ ಹಳಿ 16.5. ಇದನ್ನು ಒಪ್ಪಿಕೊಂಡೇ ಮುಂದೆ ಹೋಗಬೇಕು.

ವಿನ್ಯಾಸ ಇಷ್ಟೇ: ಒಂದು ಶಂಟಿಂಗ್ ನೆಕ್ (ಎಂಜಿನ್ ಹಿಂದೆ ಮುಂದೆ ಓಡಾಡುವ ತುದಿಯ ಹಳಿ), ಎರಡು ಪಾಯಿಂಟ್ (ಹಳಿ ಕವಲೊಡೆಯುವ ಜಾಗ), ಮೂರು ಸೈಡಿಂಗ್. ಒಂದರಲ್ಲಿ ಐದು ವ್ಯಾಗನ್, ಉಳಿದೆರಡರಲ್ಲಿ ಮೂರು ಮೂರು ಹಿಡಿಸಬೇಕು. ಮೇಲೆ ತೆರೆದ ಬಾಕ್ಸ್‌ಎನ್ ಮತ್ತು ಮುಚ್ಚಿದ ಬಿಸಿಎನ್‌ಎಚ್‌ಎಲ್ ವ್ಯಾಗನ್‌ಗಳು ಎಚ್‌ಒದಲ್ಲಿ ಹನ್ನೆರಡೂವರೆ ಸೆಂ.ಮೀ. ಆಸುಪಾಸು, ಕಪ್ಲಿಂಗ್ ಸೇರಿಸಿ 13 ಎಂದು ಹಿಡಿದೆ. ಎಂಜಿನ್ 25. ನೆಕ್‌ನಲ್ಲಿ ಎಂಜಿನ್ ಮತ್ತು ಮೂರು ವ್ಯಾಗನ್ ನಿಲ್ಲಬೇಕು: 25 + 39 = 64, ಅದನ್ನು 65 ಮಾಡಿದೆ. ಇದು ಕಡಿಮೆಯಾದರೆ ಕೊನೆಯ ವ್ಯಾಗನ್‌ನ ಚಕ್ರ ಪಾಯಿಂಟ್‌ನ ನಾಲಿಗೆಯ (ಆಚೀಚೆ ಸರಿಯುವ ಹಳಿತುದಿ) ಮೇಲೆ ನಿಂತು ಪಾಯಿಂಟ್ ತಿರುಗುವುದೇ ಇಲ್ಲ. ಹೆಚ್ಚಾದರೆ ನಾಲ್ಕನೇ ವ್ಯಾಗನ್ ನುಗ್ಗಿ ಶಂಟಿಂಗ್ ತೀರಾ ಸಲೀಸು.

ಪೆಕೊ ಕಂಪನಿಯ ಸಣ್ಣ ಪಾಯಿಂಟ್ ಒಂದೊಂದೂ 18.5 ಸೆಂ.ಮೀ. ಹೊಸಬರ ಲೆಕ್ಕ ತಪ್ಪುವುದು ಇದರ ಮುಂದೆ. ಸೈಡಿಂಗ್‌ನ ಉದ್ದವನ್ನು ಪಾಯಿಂಟ್ ಮುಗಿದಲ್ಲಿಂದ ಅಳೆಯಬಾರದು, ಫೌಲಿಂಗ್ ಮಾರ್ಕಿನಿಂದ, ಅಂದರೆ ಪಕ್ಕದ ಹಳಿಯ ವ್ಯಾಗನ್‌ಗೆ ತಾಗದಂತೆ ನಿಲ್ಲಬಹುದಾದ ಗಡಿಯಿಂದ, ಅಳೆಯಬೇಕು. ಎರಡು ಹಳಿಗಳ ಮೇಲೆ ಒಂದೊಂದು ವ್ಯಾಗನ್ ಇಟ್ಟು ಪಾಯಿಂಟ್ ಕಡೆಗೆ ಒಟ್ಟಿಗೆ ತಳ್ಳುತ್ತಾ ಬನ್ನಿ. ಪಕ್ಕಗಳು ಇನ್ನೇನು ತಾಗಬೇಕು ಎನ್ನುವಲ್ಲಿ ಪೆನ್ಸಿಲ್ ಗೀಟು. ನನ್ನ ಹಳಿಗಳಲ್ಲಿ ಅದು ಪಾಯಿಂಟ್‌ನಾಚೆ ಸುಮಾರು 12 ಸೆಂ.ಮೀ.ಗೆ ಬಂತು. ನೆಕ್, ಎರಡು ಪಾಯಿಂಟ್, ಗೀಟಿನವರೆಗಿನ ಜಾಗ, ಐದು ವ್ಯಾಗನ್ ಸೇರಿ ಒಟ್ಟು 65 + 18.5 + 18.5 + 12 + 65 = 179. ಹಲಗೆ 244. ಮಿಕ್ಕದ್ದು ಹಳಿಯ ಕೊನೆಯಲ್ಲಿ ತಡೆಯುವ ಬಫರ್ ಸ್ಟಾಪಿಗೆ, ಕಪ್ಲಿಂಗ್ ಬಿಚ್ಚಲು ಬೆರಳು ಹಾಕುವ ಜಾಗಕ್ಕೆ.

ಹಳಿ ಕೊಳ್ಳುವ ಮೊದಲು ಇದೆಲ್ಲವನ್ನೂ ಕಂದು ಕಾಗದದ ಮೇಲೆ ನಿಜ ಅಳತೆಯಲ್ಲೇ ಬರೆದೆ. ವ್ಯಾಗನ್‌ಗೆ 13 ಸೆಂ.ಮೀ. ರಟ್ಟಿನ ತುಂಡು ಎಂಟು, ಎಂಜಿನ್‌ಗೆ 25ರದ್ದು ಒಂದು. ರಟ್ಟು ಸರಿಸುತ್ತಾ ಶಂಟಿಂಗ್ ಆಡಿದರೆ ಎಲ್ಲಿ ಸಿಕ್ಕಿಕೊಳ್ಳುತ್ತದೆ ಎನ್ನುವುದು ಪುಕ್ಕಟೆಯಾಗಿ ಗೊತ್ತಾಗುತ್ತದೆ. ಆಟಕ್ಕೆ, ವ್ಯಾಗನ್‌ಗೊಂದರಂತೆ ಬರೆದ ಎಂಟು ಚೀಟಿಗಳಲ್ಲಿ ಐದು ಎತ್ತಿ, ಎತ್ತಿದ ಕ್ರಮದಲ್ಲೇ ವ್ಯಾಗನ್ ಜೋಡಿಸಬೇಕು. 6720 ಬಗೆಯ ಗೂಡ್ಸ್ ಸಿಗುತ್ತದೆ, ಬೇಸರವಾಗುವ ಮಾತಿಲ್ಲ.

ಹಲಗೆಯ ಕೆಳಗೆ 2×1 ಇಂಚಿನ ರೀಪರ್ ಚೌಕಟ್ಟು, 40 ಸೆಂ.ಮೀ.ಗೊಂದು ಅಡ್ಡಪಟ್ಟಿ. ಬಣ್ಣ ಎರಡೂ ಮುಖಕ್ಕೆ. ಮೇಲೆ ಮಾತ್ರ ಬಳಿದರೆ ಮಳೆಗಾಲದಲ್ಲಿ ಕೆಳಮುಖ ತೇವ ಹೀರಿ ಹಲಗೆ ಬಾಗುತ್ತದೆ. ರೀಪರಿಗೆ ಗೆದ್ದಲಿನ ಔಷಧಿ ಮರೆಯಬಾರದು. ಹಲಗೆಯ ಮೇಲೆ 3 ಮಿ.ಮೀ. ಕಾರ್ಕ್, ಅದರ ಮೇಲೆ ಹಳಿ. ಡಿಸೆಂಬರ್ ಚಳಿಯಲ್ಲಿ ಹಳಿ ಕೂರಿಸಿದರೆ ಜಾಯಿಂಟ್‌ನಲ್ಲಿ ವಿಸಿಟಿಂಗ್ ಕಾರ್ಡ್ ದಪ್ಪದ ಸಂದು ಬಿಡಬೇಕು. ಇಪ್ಪತ್ತು ಡಿಗ್ರಿ ಬಿಸಿ ಏರಿದರೆ ಮೀಟರ್ ಹಳಿ ಸುಮಾರು 0.3 ಮಿ.ಮೀ. ಬೆಳೆಯುತ್ತದೆ, ಸಂದಿಲ್ಲದಿದ್ದರೆ ಏಪ್ರಿಲ್‌ನಲ್ಲಿ ಹಾವಿನಂತೆ ಡೊಂಕಾಗುತ್ತದೆ.

ಒಂದೇ ಎಂಜಿನ್‌ಗೆ ಡಿಸಿಸಿ (ಹಲವು ಎಂಜಿನ್‌ಗಳನ್ನು ಬೇರೆಬೇರೆಯಾಗಿ ಓಡಿಸುವ ಡಿಜಿಟಲ್ ವ್ಯವಸ್ಥೆ) ಯಾಕೆ? 12 ವೋಲ್ಟ್, 1 ಆಂಪಿಯರ್‌ನ ಡಿಸಿ ಕಂಟ್ರೋಲರ್ ಸಾಕು. ವಿದ್ಯುತ್ತನ್ನು ನೆಕ್ ಕಡೆಯಿಂದ, ಪಾಯಿಂಟ್‌ನ ನಾಲಿಗೆಯ ತುದಿಗೆ ಕೊಡಬೇಕು. ಎಲೆಕ್ಟ್ರೋಫ್ರಾಗ್ ಪಾಯಿಂಟ್ (ಫ್ರಾಗ್, ಅಂದರೆ ಒಳ ಹಳಿಗಳು ಕೂಡುವ ಮೂಲೆ, ಲೋಹದ್ದಾಗಿ ವಿದ್ಯುತ್ ಹರಿಸುವಂಥದ್ದು) ಆದರೆ ಫ್ರಾಗ್‌ನಾಚೆಯ ಒಳ ಹಳಿಗಳೆರಡಕ್ಕೂ ವಿದ್ಯುತ್ ತಡೆಯುವ ಪ್ಲಾಸ್ಟಿಕ್ ಜಾಯಿನರ್ (ಹಳಿ ಜೋಡಿಸುವ ತುಂಡು) ಹಾಕಿ. ಇಲ್ಲದಿದ್ದರೆ ಸೈಡಿಂಗ್‌ಗೂ ತಂತಿ ಬೆಸೆದ ದಿನ, ಪಾಯಿಂಟ್ ತಿರುಗಿಸಿದ ಕೂಡಲೇ ಶಾರ್ಟ್.

ಜಲ್ಲಿ ಹಾಕುವ ಮೊದಲು ಎಂಟೂ ವ್ಯಾಗನ್‌ಗಳನ್ನು ಹಿಂದಕ್ಕೆ ತಳ್ಳಿ ಓಡಿಸಿ ನೋಡಿ. ಎಳೆದಾಗ ಮುಚ್ಚಿಹೋಗುವ ದೋಷ ತಳ್ಳಿದಾಗ ಹೊರಬೀಳುತ್ತದೆ. ಒಂದೇ ವ್ಯಾಗನ್ ಎಲ್ಲೆಡೆ ತಪ್ಪಿದರೆ ಚಕ್ರದ ದೋಷ: ವರ್ನಿಯರ್ ಕ್ಯಾಲಿಪರ್‌ನಲ್ಲಿ ಅಳೆದರೆ ಎರಡು ಚಕ್ರಗಳ ಒಳಮೈ ಅಂತರ 14.4ರಿಂದ 14.5 ಮಿ.ಮೀ. ಇರಬೇಕು. ಎಲ್ಲವೂ ಒಂದೇ ಕಡೆ ತಪ್ಪಿದರೆ ಹಳಿಯ ದೋಷ.

ಜಲ್ಲಿಗೆ ಎಂ-ಸ್ಯಾಂಡನ್ನು ಟೀ ಸೋಸುವ ಜಾಲರಿಯಲ್ಲಿ ಜರಡಿ ಹಿಡಿದು, 0.75 ಮಿ.ಮೀ.ಗಿಂತ ಸಣ್ಣದನ್ನಷ್ಟೇ ಇಟ್ಟುಕೊಂಡೆ. ನಿಜವಾದ 65 ಮಿ.ಮೀ. ಜಲ್ಲಿಗೆ ಅದೇ ಅಳತೆ. ಮರಳಿನ ಮೇಲೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಅಯಸ್ಕಾಂತ ಆಡಿಸಿ ಕಬ್ಬಿಣದ ಕಣ ತೆಗೆಯಲೇಬೇಕು, ಇಲ್ಲವಾದರೆ ಎಂಜಿನ್ನಿನ ಮೋಟಾರಿಗೆ ಅಂಟುತ್ತದೆ. ಅರ್ಧ ಫೆವಿಕಾಲ್, ಅರ್ಧ ನೀರು, ಎರಡು ಹನಿ ಪಾತ್ರೆ ತೊಳೆಯುವ ಸೋಪು, ಡ್ರಾಪರ್‌ನಲ್ಲಿ ಬಿಡಿ. ಪಾಯಿಂಟ್‌ನ ನಾಲಿಗೆ ಮತ್ತು ಅದನ್ನೆಳೆಯುವ ಪಟ್ಟಿಯ ಬಳಿ ಮಾತ್ರ ಅಂಟು ಬೇಡ. ಅಲ್ಲಿ ಕಾರ್ಕಿಗೆ ಬೂದು ಬಣ್ಣ ಬಳಿದು ಬಿಡಿ, ಉಳಿದ ಕಡೆ ಅಂಟು ಒಣಗುವವರೆಗೂ ಆಗಾಗ ಪಾಯಿಂಟನ್ನು ಆಚೀಚೆ ತಿರುಗಿಸುತ್ತಿರಿ.