ಹೋತವನ್ನು ಒಂದು ತಿಂಗಳು ದೂರ ಇಟ್ಟೆ

ಕುಷ್ಟಗಿ ಹತ್ತಿರ ನಮ್ಮದು 18 ಆಡುಗಳ ಸಣ್ಣ ಹಿಂಡು. ಮೊದಲೆಲ್ಲ ಹೋತ ವರ್ಷಪೂರ್ತಿ ಹಿಂಡಿನಲ್ಲೇ ಇರುತ್ತಿತ್ತು. ಮರಿಗಳು ಯಾವಾಗ ಬೇಕಾದರೂ ಹುಟ್ಟುತ್ತಿದ್ದವು. ಒಂದು ಏಪ್ರಿಲ್‌ನಲ್ಲಿ ತಾಯಂದಿರಿಗೆ ಹಾಲೇ ಇರಲಿಲ್ಲ, ಐದು ಮರಿ ಕಳೆದುಕೊಂಡೆ. ಆ ನೋವು ಇನ್ನೂ ಇದೆ.

ಆಡು ಗಬ್ಬ ಇರುವುದು ಸುಮಾರು 150 ದಿನ. ಜೂನ್ ಕೊನೆಗೆ ಹೋತ ಕೂಡಿದರೆ ನವೆಂಬರ್ ಕೊನೆಗೆ ಮರಿ. ಅಷ್ಟೊತ್ತಿಗೆ ಶೇಂಗಾ ಹೊಟ್ಟು ಮನೆಗೆ ಬಂದಿರುತ್ತದೆ. ಆದರೆ ಬೇಸಿಗೆಯಲ್ಲಿ ಬಡವಾಗಿ ಬೆದೆ ಮರೆತ ಆಡುಗಳು ಒಟ್ಟಿಗೆ ಬೆದೆಗೆ ಬರಬೇಕಲ್ವಾ?

"ಹೋತವನ್ನು ಒಂದು ತಿಂಗಳು ದೂರ ಇಡಿ, ಆಮೇಲೆ ಒಮ್ಮೆಲೇ ಬಿಡಿ" ಅಂದರು ಪಶು ವೈದ್ಯರು. ಮೊದಲ ವರ್ಷ ಅದೇ ದೊಡ್ಡಿಯಲ್ಲಿ ನಡುವೆ ತಟ್ಟಿ ಕಟ್ಟಿದೆ. ಏನೂ ಆಗಲಿಲ್ಲ. ವಾಸನೆ, ಕೂಗು ಎಲ್ಲ ಮೊದಲಿನಂತೆಯೇ ಇದ್ದವು, ಆಡುಗಳು ಅದಕ್ಕೆ ಒಗ್ಗಿಹೋಗಿದ್ದವು. ಮರುವರ್ಷ ಎರಡು ಮೈಲಿ ಆಚೆ ಭಾವನ ಹೊಲದಲ್ಲಿ ಕಟ್ಟಿಸಿದೆ. ದಿನಾ ಮೆಕ್ಕೆಜೋಳ ಹಾಕಿಸಿದೆ. ಸೊರಗಿದ ಹೋತಕ್ಕೆ ಆಡಿನ ಬೆನ್ನು ಹತ್ತುವ ಹುರುಪು ಇರುವುದಿಲ್ಲ. ಅದರ ತಲೆ, ಕತ್ತಿನ ಕಟು ವಾಸನೆ, ಆ ಕೂಗು, ಆ ಓಡಾಟ ಎಲ್ಲ ಸೇರಿದಾಗಲೇ ಆಡಿನ ಮೈ ಎಚ್ಚರಗೊಳ್ಳುತ್ತದೆ.

ಬಿಟ್ಟ ಮೂರನೇ ದಿನ ಆರು ಆಡು ಬಾಲ ಅಲ್ಲಾಡಿಸುತ್ತ ಹೋತದ ಹತ್ತಿರ ನಿಂತವು. ಖುಷಿಯಾಯಿತು. ಎಂಟನೇ ದಿನ ಅವುಗಳಲ್ಲೇ ನಾಲ್ಕು ಮತ್ತೆ ಬೆದೆಗೆ ಬಂದಾಗ ಎದೆ ಝಲ್ ಎಂದಿತು. ಹೋತವೇ ಕೆಟ್ಟಿದೆ ಅಂದುಕೊಂಡೆ. ವೈದ್ಯರು ಬಿಡಿಸಿ ಹೇಳಿದರು. ಬೆದೆ ನಿಂತಿದ್ದ ಆಡು ಹೋತ ಕಂಡ ಎರಡು ಮೂರು ದಿನಕ್ಕೆ ಅಂಡ ಬಿಡುತ್ತದೆ. ಆದರೆ ಆ ಮೊದಲ ಸುತ್ತು ಎಷ್ಟೋ ಸಲ ಐದಾರು ದಿನಕ್ಕೇ ಮುಗಿದುಹೋಗುತ್ತದೆ. ಮತ್ತೆ ಬರುವ ಬೆದೆಯಲ್ಲಿ ಗಬ್ಬ ನಿಲ್ಲುವುದು ಜಾಸ್ತಿ. ಆಮೇಲಿನದು ಮಾಮೂಲಿ 21 ದಿನದ ಚಕ್ರ. ಆ ವಾರ ದುಡುಕಿ ಹೋತ ಮಾರದಿದ್ದುದೇ ಒಳ್ಳೆಯದಾಯಿತು. ಉಳಿದವುಗಳಲ್ಲಿ ಹೆಚ್ಚಿನವು ಹತ್ತನೇ ದಿನದ ಒಳಗೇ ಬೆದೆಗೆ ಬಂದವು.

ನಾಲ್ಕು ಆಡು ಮಾತ್ರ ಉಳಿದವು. ಎರಡು ದಿನ ಕೂತು ನೋಡಿದೆ. ಎಲ್ಲವೂ ಪುಕ್ಕಲು ಆಡುಗಳು. ಕೊಂಬಿನ ದೊಡ್ಡ ಆಡುಗಳು ಅವನ್ನು ಮೇವಿನ ಹತ್ತಿರವೂ ಬಿಡುತ್ತಿರಲಿಲ್ಲ, ಹೋತದ ಹತ್ತಿರವೂ ಬಿಡುತ್ತಿರಲಿಲ್ಲ. ದಿನಾ ಬೆಳಿಗ್ಗೆ ಆ ನಾಲ್ಕನ್ನೂ ಹೋತವನ್ನೂ ಬೇರೆ ಕೂಡಿ ಹಾಕಿದೆ, ಹಿಡಿ ಕಾಳು ಹೆಚ್ಚಿಗೆ ಕೊಟ್ಟೆ. ಮೂರು ಗಬ್ಬ ಆದವು. ಈ ವರ್ಷ ಅಂಥವನ್ನು ಮೊದಲ ದಿನವೇ ಬೇರೆ ಮಾಡಿದ್ದೇನೆ.