ಮೊದಲು ಊರು, ಆಮೇಲೆ ಹೆಸರು: ನಮ್ಮ ಕಲ್ಲುಕೂಟದ ಕೆಲಸ

ಬೆಂಗಳೂರಿನಲ್ಲಿ ಕಲ್ಲು ಮತ್ತು ಖನಿಜಗಳನ್ನು ಸಂಗ್ರಹಿಸುವವರ ಸಣ್ಣ ಕೂಟವೊಂದರಲ್ಲಿ ನಾನು ಹಲವು ವರ್ಷಗಳಿಂದ ಇದ್ದೇನೆ. ಕೂಟದ ದಾಖಲೆ ಪುಸ್ತಕವನ್ನು ನೋಡಿಕೊಳ್ಳುವ ಹೊಣೆಯೂ ನನ್ನದೇ. ಹೀಗೊಂದು ಕೂಟವಿದೆ ಎಂದೊಡನೆ ಜನ ಕೇಳುವುದು ಸುತ್ತಿಗೆ, ಬೆಟ್ಟ, ಪ್ರವಾಸಗಳ ವಿಷಯ. ನಮ್ಮ ಕೆಲಸದ ಬಹುಪಾಲು ನಡೆಯುವುದು ತಿಂಗಳಿಗೊಂದು ಭಾನುವಾರ, ಬಸವನಗುಡಿಯ ಸದಸ್ಯರೊಬ್ಬರ ಮನೆಯ ಊಟದ ಮೇಜಿನ ಸುತ್ತ. ರಸಾಯನಶಾಸ್ತ್ರ ಕಲಿಸಿ ನಿವೃತ್ತರಾದ ಮೇಷ್ಟ್ರು, ಗ್ರಾನೈಟ್ ವ್ಯಾಪಾರ ಬಲ್ಲವರು, ಬ್ಯಾಂಕಿನವರು, ಕಾಲೇಜು ಹುಡುಗರು ಎಲ್ಲರೂ ಅಲ್ಲಿ ಸೇರುತ್ತಾರೆ.

ಆ ಮೇಜಿಗೆ ಒಂದು ನಿಯಮವಿದೆ. ಕಲ್ಲನ್ನು ತಂದವರು ಅದರ ಹೆಸರನ್ನು ಹೇಳುವಂತಿಲ್ಲ. ಅದು ಎಲ್ಲಿ ಸಿಕ್ಕಿತು, ಯಾವ ಬಂಡೆಯೊಳಗೆ ಇತ್ತು, ಯಾರು ಕೊಟ್ಟರು ಎಂಬುದನ್ನು ಮಾತ್ರ ಹೇಳಬೇಕು. ಹೊಸಬರಿಗೆ ಇದು ಅತಿಶಿಸ್ತಾಗಿ ಕಾಣುತ್ತದೆ. ಆದರೆ ಖನಿಜದ ಹೆಸರನ್ನು ನಾಳೆ ಬೇರೆ ಯಾರಾದರೂ ಪರೀಕ್ಷಿಸಿ ತಿಳಿಯಬಹುದು, ಸಿಕ್ಕಿದ ಜಾಗವನ್ನು ತಂದವರು ಹೇಳದಿದ್ದರೆ ಯಾವ ಪ್ರಯೋಗಾಲಯವೂ ಸುಲಭವಾಗಿ ಹೇಳಲಾರದು. ಹೆಸರನ್ನು ಮೊದಲೇ ಹೇಳಿಬಿಟ್ಟರೆ ಉಳಿದವರ ಕಣ್ಣು ಅದನ್ನೇ ಹುಡುಕತೊಡಗುತ್ತದೆ ಎಂಬುದು ಇನ್ನೊಂದು ಕಾರಣ.

ಪರೀಕ್ಷೆಗೆ ಬೇಕಾದ ಸಾಮಗ್ರಿಯೆಲ್ಲ ಒಂದು ಚಪ್ಪಲಿ ಡಬ್ಬಿಯಲ್ಲಿ ಹಿಡಿಸುತ್ತದೆ: ಹತ್ತು ಪಟ್ಟು ಹಿಗ್ಗಿಸಿ ತೋರಿಸುವ ಭೂತಗನ್ನಡಿ, ಉಕ್ಕಿನ ಮೊಳೆ, ಗಾಜಿನ ಚೂರು, ಅಯಸ್ಕಾಂತ, ಟೈಲ್ಸಿನ ತುಂಡು, ಸಣ್ಣ ಶೀಶೆಯಲ್ಲಿ ನೀರು ಬೆರೆಸಿದ ಹೈಡ್ರೋಕ್ಲೋರಿಕ್ ಆಮ್ಲ. ಫ್ರೆಡ್ರಿಕ್ ಮೋಸ್ 1812ರಲ್ಲಿ ರೂಪಿಸಿದ ಗಡಸುತನದ ಅಳತೆಯಲ್ಲಿ ಟಾಲ್ಕ್ 1, ವಜ್ರ 10. ನಮ್ಮ ಉಗುರು ಸುಮಾರು 2.5ರಲ್ಲಿ, ಗಾಜು ಸುಮಾರು 5.5ರಲ್ಲಿ ನಿಲ್ಲುತ್ತವೆ. ಹಾಗಾಗಿ 7ರಲ್ಲಿರುವ ಬೆಣಚುಕಲ್ಲು ಗಾಜನ್ನು ಗೀರುತ್ತದೆ. ನೋಡಲು ಅದರಂತೆಯೇ ಬೆಳ್ಳಗಿರುವ ಕ್ಯಾಲ್ಸೈಟ್ 3ರಲ್ಲಿರುವುದರಿಂದ ಮೊಳೆಗೇ ಸೋಲುತ್ತದೆ, ಆಮ್ಲದ ಹನಿ ಬಿದ್ದರೆ ಬುಸುಗುಟ್ಟುತ್ತದೆ. ಕ್ಯಾಲ್ಸೈಟಿನ ಹತ್ತಿರದ ನಂಟಿನ ಡಾಲಮೈಟ್ ಮಾತ್ರ ಗಟ್ಟಿ ತುಂಡಾಗಿದ್ದಾಗ ಹೆಚ್ಚುಕಡಿಮೆ ಸುಮ್ಮನಿದ್ದು, ಮೊಳೆಯಿಂದ ಕೆರೆದು ಪುಡಿ ಮಾಡಿದ ಮೇಲೆಯೇ ನೊರೆಯೇಳುತ್ತದೆ. ಟೈಲ್ಸಿನ ಹೊಳಪಿಲ್ಲದ ಹಿಂಬದಿಗೆ ಉಜ್ಜಿ ಪುಡಿಯ ಬಣ್ಣ ನೋಡುವುದು ಕಬ್ಬಿಣದ ಅದಿರಿಗೆ ಬಹಳ ಉಪಯುಕ್ತ. ಸಂಡೂರಿನ ಹೆಮಟೈಟ್ ಉಕ್ಕಿನಂತೆ ಕಪ್ಪಾಗಿ ಮಿನುಗುತ್ತಿದ್ದರೂ ಟೈಲ್ಸಿನ ಮೇಲೆ ಕೆಂಗಂದು ಗೆರೆ ಬಿಡುತ್ತದೆ. ಮ್ಯಾಗ್ನೆಟೈಟ್ ಬಿಡುವುದು ಕರಿ ಗೆರೆ, ಜೊತೆಗೆ ಅದು ಅಯಸ್ಕಾಂತಕ್ಕೆ ಗಟ್ಟಿಯಾಗಿ ಅಂಟುತ್ತದೆ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ತೂಕದ ಪರೀಕ್ಷೆ. ಒಮ್ಮೆ ಸದಸ್ಯೆಯೊಬ್ಬರು ಚನ್ನಪಟ್ಟಣದ ಕಡೆಯಿಂದ ಬಂದದ್ದೆಂದು ಹೇಳಿ, ಹೆಬ್ಬೆರಳಿನಷ್ಟು ದಪ್ಪದ, ಮಾಸಲು ಕೆಂಪು ಕಲ್ಲನ್ನು ಮೇಜಿನ ಮೇಲೆ ಇಟ್ಟರು. ಗಾಜೋ, ಗಾರ್ನೆಟ್ಟೋ, ಮಾಣಿಕ್ಯದ ಜಾತಿಯ ಕುರುಂದವೋ ಎಂಬ ಗುಸುಗುಸು ಶುರುವಾಯಿತು. "ಮೊದಲು ತೂಗಿ ನೋಡಮ್ಮ" ಎಂದರು ಮೇಷ್ಟ್ರು. ಡಿಜಿಟಲ್ ತಕ್ಕಡಿಯಲ್ಲಿ ಕಲ್ಲು 42 ಗ್ರಾಂ ತೂಗಿತು. ಬಳಿಕ ನೀರು ತುಂಬಿದ ಲೋಟವನ್ನು ತಕ್ಕಡಿಯ ಮೇಲೆ ಇಟ್ಟು, ಅಂಕಿಯನ್ನು ಸೊನ್ನೆಗೆ ತಂದು, ಕಲ್ಲನ್ನು ದಾರದಲ್ಲಿ ಕಟ್ಟಿ, ತಳಕ್ಕೂ ಬದಿಗೂ ತಾಗದಂತೆ ನೀರಿನೊಳಗೆ ಪೂರ್ತಿ ಇಳಿಬಿಟ್ಟರು. ತಕ್ಕಡಿ 10.5 ತೋರಿಸಿತು, ಅದು ಕಲ್ಲು ಸರಿಸಿದ ನೀರಿನ ತೂಕ. 42ನ್ನು 10.5ರಿಂದ ಭಾಗಿಸಿದರೆ 4, ಅಂದರೆ ಕಲ್ಲು ತನ್ನಷ್ಟೇ ಗಾತ್ರದ ನೀರಿಗಿಂತ ನಾಲ್ಕು ಪಟ್ಟು ಭಾರ. ಬೆಣಚುಕಲ್ಲು 2.65, ಸಾಮಾನ್ಯ ಗಾಜು 2.5ರ ಆಸುಪಾಸು ಇರುವುದರಿಂದ ಅವೆರಡೂ ಅಲ್ಲಿಗೆ ಬಿದ್ದುಹೋದವು. ಕುರುಂದದ ಜೊತೆಗೆ ಗಾರ್ನೆಟ್ ಕೂಡ ಉಳಿಯಿತು, ಏಕೆಂದರೆ ಅದರ ಬಗೆಗಳು 3.5ರಿಂದ 4.3ರವರೆಗೆ ಹರಡಿಕೊಂಡಿವೆ. ಆಗ ಆಕಾರ ನೆರವಿಗೆ ಬಂತು: ಗಾರ್ನೆಟ್ ಹರಳು ಸಾಮಾನ್ಯವಾಗಿ ಹನ್ನೆರಡು ಮುಖದ ಚೆಂಡಿನಂತೆ ಬೆಳೆಯುತ್ತದೆ, ಈ ಕಲ್ಲು ಆರು ಬದಿಯ ಮೊಂಡು ಕಂಬವಾಗಿತ್ತು. ಕೊನೆಗೆ ಅದು 8ರ ಗಡಸುತನದ ಪುಷ್ಯರಾಗದ ತುಂಡನ್ನೂ ಗೀರಿದ ಮೇಲೆ ಕುರುಂದವೆಂದು ದಾಖಲಾಯಿತು. ಒಡವೆಗೆ ಬರುವಂಥದ್ದಲ್ಲ, ಬೆಳಕೇ ಹಾಯದಷ್ಟು ಮಂಕು. ಸದಸ್ಯೆಗೆ ಕೊಂಚ ಬೇಸರವಾಯಿತು ಎಂದೇ ನನ್ನ ಊಹೆ. ಈ ವಿಧಾನದಲ್ಲಿ ಎರಡು ಎಚ್ಚರಿಕೆಗಳು ಬೇಕು. ಸಣ್ಣ ಕಲ್ಲಿಗೆ ಅಡುಗೆಮನೆಯ ತಕ್ಕಡಿ ಸಾಲದು, ದಶಮಾಂಶ ತೋರಿಸುವುದೇ ಬೇಕು. ಕಲ್ಲಿಗೆ ಗಾಳಿಗುಳ್ಳೆ ಅಂಟಿಕೊಂಡರೆ ಲೆಕ್ಕ ತಪ್ಪುವುದರಿಂದ ನೀರಿಗೆ ಪಾತ್ರೆ ತೊಳೆಯುವ ದ್ರವದ ಒಂದು ಹನಿ ಹಾಕಬೇಕು.

ಇಂಥದೇ ಸಂತೋಷ ಕೊಡುವ ಇನ್ನೊಂದು ಖನಿಜ ಕಯನೈಟ್. ನಮ್ಮ ರಾಜ್ಯದ ಶಿಸ್ಟ್ ಎಂಬ ಪದರಪದರದ ಶಿಲೆಗಳಲ್ಲಿ ನೀಲಿಯ ಉದ್ದನೆಯ ಪಟ್ಟಿಗಳಾಗಿ ಸಿಗುವ ಇದನ್ನು ಉದ್ದಕ್ಕೆ ಕೆರೆದರೆ ಚಾಕು ಗೆರೆ ಮೂಡಿಸುತ್ತದೆ, ಅಡ್ಡಕ್ಕೆ ಕೆರೆದರೆ ಅದೇ ಚಾಕು ಜಾರುತ್ತದೆ. ಒಂದೇ ಹರಳಿನಲ್ಲಿ ಪರಮಾಣುಗಳ ಬಿಗಿತ ದಿಕ್ಕಿನಿಂದ ದಿಕ್ಕಿಗೆ ಬದಲಾಗುತ್ತದೆ ಎಂಬುದನ್ನು ಕಲಿಸಲು ಇದಕ್ಕಿಂತ ಒಳ್ಳೆಯ ವಸ್ತುವನ್ನು ನಾನು ಕಂಡಿಲ್ಲ.

ಪರೀಕ್ಷೆ ಮುಗಿದ ಮೇಲೆ ಚೀಟಿ. ಗ್ರಾಮ, ತಾಲ್ಲೂಕು, ಜಿಲ್ಲೆ, ಫೋನಿನಲ್ಲಿ ಕಂಡ ಅಕ್ಷಾಂಶ ರೇಖಾಂಶ, ದಿನಾಂಕ, ತಂದವರು, ಸುತ್ತಲಿನ ಶಿಲೆ ಇವನ್ನು ಶಾಶ್ವತ ಶಾಯಿಯಲ್ಲಿಯೂ ಖನಿಜದ ಹೆಸರನ್ನು ಪೆನ್ಸಿಲಿನಲ್ಲಿಯೂ ಬರೆಯುತ್ತೇವೆ, ಏಕೆಂದರೆ ಮುಂದೆ ಬದಲಾಗಬಹುದಾದದ್ದು ಹೆಸರೊಂದೇ. ಕಲ್ಲಿನ ಕಾಣದ ಬದಿಯಲ್ಲಿ ಬಿಳಿ ಬಣ್ಣದ ಚುಕ್ಕೆಯಿಟ್ಟು, ಒಣಗಿದ ಮೇಲೆ ಅದರ ಮೇಲೆ ಸಂಖ್ಯೆ ಬರೆದರೆ ಚೀಟಿ ಕಳೆದರೂ ಪುಸ್ತಕದಿಂದ ಕಲ್ಲನ್ನು ಗುರುತಿಸಬಹುದು. ಬೇರೆ ಸಂಗ್ರಾಹಕರಿಂದ ಬಂದ ಕಲ್ಲಿನ ಹಳೆಯ ಚೀಟಿ ಎಷ್ಟೇ ಹರಿದಿರಲಿ, ಅದರಲ್ಲಿ ಏನೇ ಬರೆದಿರಲಿ, ಅದನ್ನು ಎಸೆಯಲು ನಾನು ಬಿಡುವುದಿಲ್ಲ. ಪುಣೆ, ಜಳಗಾಂವ್ ಕಡೆಯವರು ವಿನಿಮಯಕ್ಕೆ ಕಳಿಸುವ ಸ್ಟಿಲ್ಬೈಟ್, ಅಪೋಫಿಲೈಟ್ ಹರಳುಗಳು ಇಂಥ ಚೀಟಿಗಳೊಡನೆಯೇ ಬರಬೇಕೆಂದು ಮೊದಲೇ ಹೇಳಿಬಿಡುತ್ತೇವೆ. ದಖ್ಖನ್ ಲಾವಾದ ಪೊಟರೆಗಳಲ್ಲಿ ಬೆಳೆದ ಈ ಹರಳುಗಳು ನಮ್ಮ ಬೆಂಗಳೂರಿನ ಶಿಲೆಯಲ್ಲಿ ಹುಡುಕಿದರೂ ಸಿಗವು.

ಹೊರಗೆ ಹೋಗುವುದೂ ಇದೆ, ಆದರೆ ಹೆಚ್ಚಿನ ಕಡೆ ಬರಿಗೈಯಲ್ಲಿ ಮರಳುತ್ತೇವೆ. ಹೊಸಬರನ್ನು ಮೊದಲು ಕರೆದೊಯ್ಯುವುದು ಲಾಲ್‌ಬಾಗಿನ ಬಂಡೆಗೆ. ಕೆಂಪೇಗೌಡರ ಗೋಪುರ ನಿಂತಿರುವ ಆ ಗುಡ್ಡವನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದೆ. ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯ ಡಬ್ಲ್ಯು. ಎಫ್. ಸ್ಮೀತ್ 1916ರಲ್ಲಿ ಪೆನಿನ್ಸುಲರ್ ನೈಸ್ ಎಂದು ಕರೆದ, ಸುಮಾರು 300 ಕೋಟಿ ವರ್ಷ ಹಳೆಯ ಶಿಲೆಯದು. ಮಳೆ ಬಂದು ನಿಂತ ಬೆಳಿಗ್ಗೆ, ಬಂಡೆ ಇನ್ನೂ ಒದ್ದೆಯಾಗಿರುವಾಗ ಅಲ್ಲಿಗೆ ಹೋಗಬೇಕು. ಕಾಗೆಬಂಗಾರದ ಕಪ್ಪು ಪದರಗಳೂ ಬೆಣಚು, ಫೆಲ್ಡ್‌ಸ್ಪಾರ್‌ಗಳ ಬಿಳಿ ಪದರಗಳೂ ಮಡಿಚಿಕೊಂಡು ಹೋಗಿರುವುದು, ಅವನ್ನು ಕತ್ತರಿಸಿಕೊಂಡು ಇನ್ನೊಂದು ಬಿಳಿ ಎಳೆ ಆಮೇಲೆ ನುಗ್ಗಿರುವುದು ಆಗ ಸ್ಪಷ್ಟವಾಗಿ ಕಾಣುತ್ತವೆ. ಯಾವುದು ಮೊದಲು, ಯಾವುದು ನಂತರ ಎಂದು ಹೊಸಬರೇ ಹೇಳಬೇಕು. ಅಲ್ಲಿಂದ ರಾಮನಗರಕ್ಕೆ ಹೋದರೆ ಸುಮಾರು 250 ಕೋಟಿ ವರ್ಷದ ಕ್ಲೋಸ್‌ಪೇಟ್ ಗ್ರಾನೈಟ್. ಗುಲಾಬಿ ಬಣ್ಣದ ದಪ್ಪ ದಪ್ಪ ಫೆಲ್ಡ್‌ಸ್ಪಾರ್ ಹರಳುಗಳನ್ನು ಬರಿಗಣ್ಣಿನಿಂದಲೇ ಎಣಿಸಬಹುದು. ರಾಮದೇವರ ಬೆಟ್ಟ 2012ರಿಂದ ರಣಹದ್ದುಗಳ ಧಾಮವಾಗಿದೆ. ಅಲ್ಲಿಯೂ, ಕಾಯ್ದಿಟ್ಟ ಕಾಡುಗಳಲ್ಲಿಯೂ ಸುತ್ತಿಗೆ ಚೀಲದಿಂದ ಹೊರಬರುವುದಿಲ್ಲ.

ಸುತ್ತಿಗೆ ಹೊರಬರುವುದು ಮಾಲೀಕರ ಒಪ್ಪಿಗೆಯಿದ್ದ ಕಲ್ಲುಕ್ವಾರಿಗಳಲ್ಲಿ, ಅದೂ ಕೆಲಸ ನಿಂತ ದಿನ, ಆಗಲೇ ಬಿದ್ದಿರುವ ರಾಶಿಯಲ್ಲಿ ಮಾತ್ರ. ಸಿಡಿಮದ್ದು ಹಾರಿಸಿದ ಗೋಡೆಯ ಬುಡಕ್ಕೆ ಯಾರೂ ಹೋಗಬಾರದು. ಬಡಗಿಯ ಸುತ್ತಿಗೆಯಿಂದ ಬಂಡೆ ಒಡೆದರೆ ಉಕ್ಕಿನ ಚೂರೇ ಸಿಡಿಯುವ ಅಪಾಯವಿರುವುದರಿಂದ ಕಣ್ಣು ಕಾಯುವ ಕನ್ನಡಕ ಹಾಕದವರ ಕೈಗೆ ಸುತ್ತಿಗೆ ಕೊಡುವುದಿಲ್ಲ.

ಕ್ವಾರಿಗಿಂತ ಹೆಚ್ಚು ಕಲಿತದ್ದು ಜಿಗಣಿಯ ಗ್ರಾನೈಟ್ ಕಾರ್ಖಾನೆಗಳ ಅಂಗಳದಲ್ಲಿ ಎಂದರೆ ತಪ್ಪಾಗದು. ವ್ಯಾಪಾರದಲ್ಲಿ ಗ್ರಾನೈಟ್ ಎನ್ನಿಸಿಕೊಳ್ಳುವ ಎಲ್ಲವೂ ಗ್ರಾನೈಟ್ ಅಲ್ಲ. ಚಾಮರಾಜನಗರದ ಕಪ್ಪು ಕಲ್ಲು ಡಾಲರೈಟ್ ಎಂಬ ಬೇರೆ ಶಿಲೆ. ನೀಲಿ ಮಿಂಚಿನ 'ಬ್ಲೂ ಪರ್ಲ್' ನಾರ್ವೆಯಿಂದ ಬರುವ ಲಾರ್ವಿಕೈಟ್ ಎಂಬ ಇನ್ನೊಂದು ಶಿಲೆ. ಪಾಲಿಷ್ ಮಾಡಿದ ಮೇಲ್ಮೈಯಲ್ಲಿ ಹರಳುಗಳ ಅಂಚು ಪುಸ್ತಕದ ಚಿತ್ರಕ್ಕಿಂತ ಚೆನ್ನಾಗಿ ಕಾಣುತ್ತದೆ, ಕತ್ತರಿಸಿ ಉಳಿದ ಚೂರುಗಳನ್ನು ಕೇಳಿದರೆ ಕೊಡುತ್ತಾರೆ, ಯಾವ ಕ್ವಾರಿಯ ಮಾಲು ಎಂಬುದನ್ನೂ ಮೇಸ್ತ್ರಿಗಳು ಖಚಿತವಾಗಿ ಹೇಳುತ್ತಾರೆ.

ಸ್ವಚ್ಛಗೊಳಿಸುವ ವಿಷಯದಲ್ಲಿ ನನ್ನ ಸಲಹೆ, ಆದಷ್ಟು ಕಡಿಮೆ ಮಾಡಿ. ಬೆಣಚು ಹರಳಿನ ತುಕ್ಕು ಕಲೆಗೆ ಆಕ್ಸಾಲಿಕ್ ಆಮ್ಲ ಸರಿ, ಆದರೆ ಅದು ವಿಷ. ಅಡುಗೆಮನೆಯ ಪಾತ್ರೆ ಬಳಸಬಾರದು, ಕಾಯಿಸಬಾರದು, ಕೈಗವಸು ಬಿಡಬಾರದು. ಕ್ಯಾಲ್ಸೈಟಿಗೆ ಅದನ್ನು ಮುಟ್ಟಿಸಲೇಬಾರದು. ಕಲ್ಲುಪ್ಪಿನ ಹರಳಿಗೆ ನೀರೇ ಶತ್ರು. ಅಮೆಥಿಸ್ಟ್ ಕಿಟಕಿಯ ಬಿಸಿಲಿನಲ್ಲಿ ಬಣ್ಣ ಕಳೆದುಕೊಳ್ಳಬಹುದು. ಮಳೆಗಾಲದ ತೇವದಲ್ಲಿ ಪೈರೈಟ್ ಪುಡಿಯಾಗುತ್ತಾ ಗಂಧಕಾಮ್ಲ ಬಿಡುತ್ತದೆ, ಪಕ್ಕದ ಚೀಟಿಯನ್ನೂ ತಿನ್ನುತ್ತದೆ. ಅದನ್ನು ಸಿಲಿಕಾ ಜೆಲ್ ಪೊಟ್ಟಣದೊಡನೆ ಬಿಗಿ ಡಬ್ಬಿಯಲ್ಲಿ ಇಡಬೇಕು.

ಹೆಚ್ಚಾದ ಕಲ್ಲುಗಳಿಂದ ಸರ್ಕಾರಿ ಶಾಲೆಗಳಿಗೆ ಪೆಟ್ಟಿಗೆ ಮಾಡಿ ಕೊಡುತ್ತೇವೆ: ಬೆಣಚು, ಕ್ಯಾಲ್ಸೈಟ್, ಹೆಮಟೈಟ್, ಬಳಪದ ಕಲ್ಲು, ಕಾಗೆಬಂಗಾರ, ಜೊತೆಗೆ ಮೊಳೆ, ಅಯಸ್ಕಾಂತ, ಟೈಲ್ಸ್ ಚೂರು. ಪ್ರತಿ ಕಲ್ಲಿನ ಪಕ್ಕದಲ್ಲಿ ಊರು ಬರೆದಿರುತ್ತದೆ, ಹೆಸರು ಇರುವುದಿಲ್ಲ. ಮಕ್ಕಳಿಗೆ ಕಷ್ಟವಾಗುತ್ತದೆ ಎಂದು ಶಿಕ್ಷಕಿಯೊಬ್ಬರು ಆಕ್ಷೇಪಿಸಿದ್ದರಿಂದ ಈಗ ಹೆಸರುಗಳನ್ನು ಬೇರೆ ಲಕೋಟೆಯಲ್ಲಿ ಅಂಟಿಸಿ ಶಿಕ್ಷಕರ ಕೈಗೇ ಕೊಡುತ್ತೇವೆ. ಆಮ್ಲದ ಬದಲು ನಿಂಬೆರಸ ಹಾಕಿ ನೋಡಲು ಹೇಳಿರುವುದರಿಂದ ಕ್ಯಾಲ್ಸೈಟ್ ತುಂಡು ವರ್ಷ ತುಂಬುವುದರೊಳಗೆ ಸವೆದು ಗುಳಿ ಬಿದ್ದಿರುತ್ತದೆ. ಅದೊಂದನ್ನು ಶಾಲೆ ತೆರೆಯುವ ಮುನ್ನ ಬದಲಿಸಿ ಬರುವುದು ಈಗ ಕಾಲೇಜು ಹುಡುಗರ ಪಾಲಿನ ಕೆಲಸ.